ಜರಡಿ ಹಿಡಿಯದ ಜರಡಿ

ನಮ್ಮ ಮಂಡಿ ಮೊಹಲ್ಲಾದವರಿಗೆ ಜರಡಿ ಎಂದರೇನೆಂದು ಹೇಳಿಕೊಡಬೇಕಿಲ್ಲ. ರಾಗಿ ಹಿಟ್ಟಿಗೊಂದು, ರವೆಗೊಂದು, ಕಾಳಿಗೊಂದು. ಸಣ್ಣದು ಕೆಳಗೆ, ದಪ್ಪದು ಮೇಲೆ. ಹಳಬರ ಬಾಯಲ್ಲಿ ಅದು ಒಂದರಿ. ಮಾತಿನಲ್ಲೂ ಅದಕ್ಕೆ ಕೈತುಂಬ ಕೆಲಸ: ಅರ್ಜಿಗಳನ್ನು ಜರಡಿ ಹಿಡಿಯುತ್ತೇವೆ, ಜಾತಕಗಳನ್ನೂ.

ರಸಾಯನಶಾಸ್ತ್ರ ಜಿಯೋಲೈಟ್ ಎಂಬ ರಂಧ್ರಮಯ ಖನಿಜವನ್ನು ಅಣುಜರಡಿ ಎಂದು ಕರೆಯುತ್ತದೆ. 1756ರಲ್ಲಿ ಸ್ವೀಡನ್ನಿನ ಖನಿಜತಜ್ಞ ಕ್ರೋನ್‌ಸ್ಟೆಡ್ ಕಾಯಿಸಿದಾಗ ಆ ಕಲ್ಲು ನೊರೆಯುಕ್ಕಿಸಿತು. ಒಳಗೆ ತಂಗಿದ್ದ ನೀರು ಆವಿಯಾಗಿ ಹೊರಬಿದ್ದಿತ್ತು. ‘ಕುದಿಯುವ ಕಲ್ಲು’ ಎಂಬರ್ಥದ ಗ್ರೀಕ್ ಹೆಸರು ಅವನೇ ಇಟ್ಟದ್ದು.

ಕೆಲವೆಡೆ ಜರಡಿ ಎಂಬ ಮಾತು ಸರಿಯಾಗಿ ಒಪ್ಪುತ್ತದೆ. ಪೆಟ್ರೋಲಿಗೆ ಬೆರೆಸುವ ಎಥೆನಾಲಿನಲ್ಲಿ ಉಳಿದ ನೀರನ್ನು ತೆಗೆಯುವ ಜಿಯೋಲೈಟಿನ ಕಿಂಡಿ ಸುಮಾರು 0.3 ನ್ಯಾನೋಮೀಟರ್. ನೀರು ನುಸುಳುತ್ತದೆ, ಎಥೆನಾಲ್ ಹೊರಗೇ ಉಳಿಯುತ್ತದೆ.

ಆಕ್ಸಿಜನ್ ಯಂತ್ರದ ಕಥೆಯೇ ಬೇರೆ. 2021ರ ಕೋವಿಡ್ ಅಲೆಯಲ್ಲಿ ಡಿಆರ್‌ಡಿಒ ದೇಶದ ಆಸ್ಪತ್ರೆಗಳಿಗೆ ಕೊಟ್ಟ ಆಕ್ಸಿಜನ್ ಘಟಕಗಳ ಮೂಲ, ತೇಜಸ್ ವಿಮಾನದ ಪೈಲಟ್‌ಗಾಗಿ ಬೆಂಗಳೂರಿನ ಡೆಬೆಲ್ ಪ್ರಯೋಗಾಲಯ ರೂಪಿಸಿದ ವ್ಯವಸ್ಥೆ. ಅದರಲ್ಲೂ, ಮನೆಗಳಿಗೆ ಬಂದ ಕಾನ್ಸಂಟ್ರೇಟರುಗಳಲ್ಲೂ ಇರುವುದು ಜಿಯೋಲೈಟ್ ಮಣಿಗಳೇ. ಈ ಬಗೆಯ ಜಿಯೋಲೈಟಿನ ಕಿಂಡಿ ಸುಮಾರು 0.74 ನ್ಯಾನೋಮೀಟರ್. ಗಾಳಿಯಲ್ಲಿ ಬೇರ್ಪಡಿಸಬೇಕಾದ ಅಣುಗಳಲ್ಲಿ ನೈಟ್ರೋಜನ್ 0.36, ಆಕ್ಸಿಜನ್ 0.35. ಇಬ್ಬರೂ ಸಲೀಸಾಗಿ ಒಳಹೋಗುತ್ತಾರೆ! ಹಾಗಿದ್ದರೆ ಬೇರ್ಪಡಿಸುವುದು ಯಾವುದು?

ಸೆಳೆತ. ಚೌಕಟ್ಟಿನಲ್ಲಿ ಸಿಲಿಕಾನ್ ಇರಬೇಕಾದ ಕೆಲವೆಡೆ ಅಲ್ಯೂಮಿನಿಯಂ ಕೂತಿರುವುದರಿಂದ ಅಲ್ಲೊಂದು ಋಣ ವಿದ್ಯುದಂಶ ಉಳಿಯುತ್ತದೆ. ಅದನ್ನು ಸರಿದೂಗಿಸಲು ಸೋಡಿಯಂ ಅಥವಾ ಲಿಥಿಯಂ ಅಯಾನುಗಳು ಒಳಗೆ ಬೀಡುಬಿಟ್ಟಿರುತ್ತವೆ. ನೈಟ್ರೋಜನ್ ಅಣುವಿನಲ್ಲಿ ವಿದ್ಯುದಂಶದ ಹಂಚಿಕೆ ಆಕ್ಸಿಜನ್ನಿಗಿಂತ ಹೆಚ್ಚು ಅಸಮ. ಹಾಗಾಗಿ ಈ ಅಯಾನುಗಳು ಅದನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತವೆ, ಆಕ್ಸಿಜನ್ ಮುಂದೆ ಸಾಗುತ್ತದೆ. ಒತ್ತಡ ಇಳಿಸಿದರೆ ನೈಟ್ರೋಜನ್ನೂ ಬಿಡುಗಡೆ. ಇಂಥ ಅಣುಗಳನ್ನು ವಿಜ್ಞಾನಿಗಳು ಅತಿಥಿ ಎಂದೇ ಕರೆಯುತ್ತಾರೆ. ನನಗೆ ಜರಡಿಗಿಂತ ಈ ಮಾತೇ ಹೆಚ್ಚು ನಿಜವೆನಿಸುತ್ತದೆ. ಜರಡಿಗೆ ಕಾಳಿನ ಗಾತ್ರವಷ್ಟೇ ಗೊತ್ತು. ಇಲ್ಲಿ ಬಂದವರ ಸ್ವಭಾವಕ್ಕೆ ತಕ್ಕ ಉಪಚಾರ.

ಎಲ್ಲರಿಗಿಂತ ಗಟ್ಟಿಯಾಗಿ ಬೇರೂರುವ ಅತಿಥಿ ನೀರು. ಚೆನ್ನಾಗಿ ಒಣಗಿಸಿದ ಒಂದಿಷ್ಟು ಮಣಿಗಳ ಮೇಲೆ ನಾಲ್ಕು ಹನಿ ನೀರು ಬಿಟ್ಟು ನೋಡಿ: ಚುರ್‌ಗುಟ್ಟುತ್ತವೆ, ಬಿಸಿಯಾಗುತ್ತವೆ. ಕ್ರೋನ್‌ಸ್ಟೆಡ್ ಶಾಖ ಕೊಟ್ಟು ನೀರನ್ನು ಹೊರಡಿಸಿದ. ನೀರು ಮರಳಿ ಬಂದರೆ ಶಾಖ ಹೊರಬರುತ್ತದೆ. ತೇವ ಹೊಕ್ಕ ಕಾನ್ಸಂಟ್ರೇಟರಿನಲ್ಲಿ ಅಯಾನುಗಳ ಬಳಿ ನೈಟ್ರೋಜನ್ನಿಗೆ ಜಾಗವೇ ಇರುವುದಿಲ್ಲ. ಯಂತ್ರ ಸದ್ದು ಮಾಡುತ್ತಲೇ ಇದ್ದರೂ ಆಕ್ಸಿಜನ್ ಪ್ರಮಾಣ ಕುಸಿಯುತ್ತದೆ.

2021ರಲ್ಲಿ ಕೊಂಡ ಯಂತ್ರ ನಿಮ್ಮ ಮನೆಯ ಅಟ್ಟದಲ್ಲಿದ್ದರೆ, ಯಾರಿಗಾದರೂ ಕೊಡುವ ಮೊದಲು ಅದರಿಂದ ಬರುವ ಆಕ್ಸಿಜನ್ ಪ್ರಮಾಣವನ್ನು ದಯವಿಟ್ಟು ಅಳೆಸಿ.