ಜೋಡಿ ಒಡಲಿನ ಓಟ: ಸಣ್ಣ ಕ್ಯಾಟಮರಾನ್ ಕ್ಲಾಸುಗಳು ಬೆಳೆದ ಬಗೆ

ಸೇತುವೆಗಳಾಗುವ ಮುಂಚೆ ನಮ್ಮ ಕರಾವಳಿಯ ಹೊಳೆಗಳಲ್ಲಿ ಬಸ್ಸು, ಕಾರು ದಾಟಿಸುತ್ತಿದ್ದ ಜಂಗಲ್ ನೆನಪಿದ್ದವರಿಗೆ ಕ್ಯಾಟಮರಾನ್ ಎಂದರೇನೆಂದು ಹೇಳುವುದು ಸುಲಭ. ಎರಡು ದೋಣಿಗಳನ್ನು ಅಕ್ಕಪಕ್ಕ ನಿಲ್ಲಿಸಿ, ಮೇಲೆ ಹಲಗೆ ಹಾಸಿ ಬಿಗಿದರೆ ಆಯಿತು; ಒಂಟಿ ದೋಣಿಯ ಹಾಗೆ ಅದು ಹೊಯ್ದಾಡುವುದಿಲ್ಲ. ಆ ದೋಣಿಗಳನ್ನು ಸೌತೆಕಾಯಿಯಷ್ಟು ತೆಳ್ಳಗೆ ಮಾಡಿ, ಹಲಗೆಯ ಬದಲು ಬಿಗಿಯಾಗಿ ಎಳೆದು ಕಟ್ಟಿದ ಬಲೆಬಟ್ಟೆ ಹಾಕಿ, ಬಸ್ಸಿನ ಜಾಗದಲ್ಲಿ ಒಂದು ಕೂವೆಮರ ನೆಟ್ಟು ಹಾಯಿ ಏರಿಸಿದರೆ ರೇಸಿನ ಕ್ಯಾಟಮರಾನ್ ಕಣ್ಣಿಗೆ ಕಟ್ಟುತ್ತದೆ.

ಹೆಸರಿನದ್ದೇ ಒಂದು ತಮಾಷೆ. ತಮಿಳಿನ ಕಟ್ಟುಮರಂ ಎಂದರೆ ಮರದ ದಿಮ್ಮಿಗಳನ್ನು ಹಗ್ಗದಿಂದ ಕಟ್ಟಿದ ತೆಪ್ಪ. ಕೋರಮಂಡಲ ತೀರದ ಆ ತೆಪ್ಪದ ಹೆಸರನ್ನು ಇಂಗ್ಲಿಷ್ ನಾವಿಕ ವಿಲಿಯಂ ಡ್ಯಾಂಪಿಯರ್ 1697ರಲ್ಲಿ ಅಚ್ಚಾದ ತನ್ನ ಪ್ರವಾಸಕಥನದಲ್ಲಿ ಬರೆದ. ಎರಡು ಒಡಲಿನ ಹಾಯಿದೋಣಿಯಾದರೋ ಪೆಸಿಫಿಕ್ ದ್ವೀಪಗಳ ಪಾಲಿನೇಷ್ಯನ್ನರ ಕಸುಬು. ದೋಣಿ ಅವರದ್ದು, ಹೆಸರು ನಮ್ಮ ನೆರೆಯವರದ್ದು.

ಪಶ್ಚಿಮದ ರೇಸಿಗೆ ಈ ದೋಣಿ ಕಾಲಿಟ್ಟದ್ದು ಜಗಳದೊಂದಿಗೆ. 1876ರಲ್ಲಿ ನ್ಯೂಯಾರ್ಕಿನಲ್ಲಿ ಅಮೆರಿಕದ ಸ್ವಾತಂತ್ರ್ಯದ ಶತಮಾನೋತ್ಸವದ ರೆಗಾಟಾ ನಡೆದಾಗ, ಇನ್ನೂ ಮೂವತ್ತು ತುಂಬದ ನಥಾನಿಯಲ್ ಹೆರೆಶಾಫ್ ತಾನೇ ಕಟ್ಟಿದ ‘ಅಮರಿಲಿಸ್’ ಎಂಬ ಜೋಡಿ ಒಡಲಿನ ದೋಣಿ ತಂದ. ಅಲ್ಲಿದ್ದ ದೊಡ್ಡ ದೊಡ್ಡ ಯಾಟುಗಳನ್ನೆಲ್ಲ ಅದು ಹಿಂದೆ ಹಾಕಿತು. ಸೋತವರು ತಕರಾರು ತೆಗೆದರು, ದೋಣಿ ಅನರ್ಹವಾಯಿತು. ಮುಂದೆ ಇದೇ ಹೆರೆಶಾಫ್ ಅಮೆರಿಕಾಸ್ ಕಪ್ ಗೆದ್ದ ಯಾಟುಗಳ ಸಾಲನ್ನೇ ಕಟ್ಟಿದ, ಆದರೆ ಒಂಟಿ ಒಡಲಿನವನ್ನು.

ಅನರ್ಹ ಮಾಡಿದವರನ್ನು ಪೂರ್ತಿ ಬೈಯಲು ನನಗೆ ಮನಸ್ಸಿಲ್ಲ. ಒಂಟಿ ಒಡಲಿನ ಯಾಟು ಮಗುಚದೆ ನಿಲ್ಲಬೇಕಾದರೆ ತಳದಲ್ಲಿ ಸೀಸವೋ ಕಬ್ಬಿಣವೋ ಹೊರಬೇಕು. ಕ್ಯಾಟಮರಾನಿಗೆ ಅಗಲವೇ ಆಧಾರ. ಭಾರ ಹೊರುವ ಗೋಜಿಲ್ಲ, ತೆಳ್ಳಗಿನ ಒಡಲು ನೀರನ್ನು ಸೀಳಿಕೊಂಡು ಹೋಗುತ್ತದೆ. ಇವೆರಡನ್ನೂ ಒಂದೇ ಗೆರೆಯಿಂದ ಓಡಿಸುವುದು ಎತ್ತಿನಗಾಡಿಯ ಪಕ್ಕ ಸೈಕಲ್ ಬಿಟ್ಟಂತೆ. ಕ್ಯಾಟಮರಾನಿಗೆ ಬೇಕಾಗಿದ್ದದ್ದು ತನ್ನದೇ ಕ್ಲಾಸು, ಅಂದರೆ ಒಂದೇ ನಿಯಮಕ್ಕೆ ಕಟ್ಟಿದ, ಮೊದಲು ಗೆರೆ ಮುಟ್ಟಿದವನೇ ಗೆದ್ದ ಎನ್ನಬಹುದಾದ ದೋಣಿಗಳ ಗುಂಪು. ಅದಕ್ಕೆ ಮುಕ್ಕಾಲು ಶತಮಾನಕ್ಕೂ ಹೆಚ್ಚು ಕಾಯಬೇಕಾಯಿತು.

1950ರ ದಶಕದಲ್ಲಿ ಇಂಗ್ಲೆಂಡಿನ ಕ್ಯಾನ್ವಿ ದ್ವೀಪದ ರೋಲಂಡ್ ಮತ್ತು ಫ್ರಾನ್ಸಿಸ್ ಪ್ರೌಟ್ ಎಂಬ ಅಣ್ಣತಮ್ಮಂದಿರು ಎರಡು ಕಯಾಕ್‌ಗಳನ್ನು ಜೋಡಿಸಿ ಹಾಯಿ ಕಟ್ಟಿ ನೋಡಿದರು. ಅದರಿಂದ ‘ಶಿಯರ್‌ವಾಟರ್’ ಹುಟ್ಟಿ, ಊರೂರಿನ ಕ್ಲಬ್ಬುಗಳಿಗೆ ಹೋಯಿತು. ದೋಣಿಗಳು ಹೆಚ್ಚಿದ ಮೇಲೆ ಅಂತರರಾಷ್ಟ್ರೀಯ ಒಕ್ಕೂಟ ಉದ್ದ, ಅಗಲ, ಹಾಯಿಯ ವಿಸ್ತೀರ್ಣ ನೋಡಿ ಎ, ಬಿ, ಸಿ, ಡಿ ಎಂದು ವರ್ಗ ಮಾಡಿತು. ಅಳತೆಯೊಳಗೆ ಯಾರು ಏನು ಬೇಕಾದರೂ ಕಟ್ಟಬಹುದಿತ್ತು. ಇಪ್ಪತ್ತೈದು ಅಡಿಯ ಸಿ ಕ್ಲಾಸಿನ ಕಥೆ ಇಲ್ಲಿ ಪಾಠದಂತಿದೆ. 1961ರಿಂದ ‘ಲಿಟ್ಲ್ ಅಮೆರಿಕಾಸ್ ಕಪ್’ ಎಂಬ ಪಣಕ್ಕೆ ಆಡಿದ ಈ ಕ್ಲಾಸಿನವರು ಬಟ್ಟೆಯ ಹಾಯಿ ಬಿಟ್ಟು ವಿಮಾನದ ರೆಕ್ಕೆಯಂಥ ಗಟ್ಟಿ ಹಾಯಿ ಏರಿಸಿದರು. ಮುಂದೆ ದೊಡ್ಡ ಅಮೆರಿಕಾಸ್ ಕಪ್ಪಿಗೇ ಅದು ಹೋಯಿತು. ಜಗತ್ತಿಗೆ ಇಷ್ಟು ಕಲಿಸಿದ ಕ್ಲಾಸಿನಲ್ಲಿ ಕೊನೆಗೆ ಉಳಿದದ್ದು ಬೆರಳೆಣಿಕೆಯ ದೋಣಿಗಳು. ಒಂದೊಂದನ್ನು ಕಟ್ಟಲೂ ಒಂದು ಪ್ರಯೋಗಾಲಯ ಬೇಕು ಎಂದಾದರೆ ಶನಿವಾರ ಸಂಜೆ ಜೊತೆಗೆ ಓಡಿಸಲು ಯಾರು ಸಿಗುತ್ತಾರೆ?

ಇಪ್ಪತ್ತು ಅಡಿಯ ಬಿ ಕ್ಲಾಸಿನ ಅಳತೆಗೆ ರಾಡ್ನಿ ಮಾರ್ಚ್ 1967ರಲ್ಲಿ ಮಾಡಿದ ವಿನ್ಯಾಸವೇ ‘ಟೊರ್ನೆಡೊ’. ಒಕ್ಕೂಟದ ಆಯ್ಕೆಯಲ್ಲಿ ಗೆದ್ದು, 1976ರಿಂದ 2008ರವರೆಗೆ ಒಂಬತ್ತು ಒಲಿಂಪಿಕ್ಸ್ ಓಡಿತು. ಮೊದಲ ಚಿನ್ನ ಗೆದ್ದ ರೆಗ್ ವೈಟ್ ಈ ದೋಣಿಯನ್ನು ಕಟ್ಟಿ ಬೆಳೆಸಿದವರಲ್ಲೇ ಒಬ್ಬ.

ಆದರೆ ಜನಸಾಮಾನ್ಯರ ಕ್ಯಾಟಮರಾನ್ ಬಂದದ್ದು ಕ್ಯಾಲಿಫೋರ್ನಿಯದ ಒಬ್ಬ ಸರ್ಫ್‌ಬೋರ್ಡ್ ತಯಾರಕನಿಂದ. ಹೋಬಿ ಆಲ್ಟರ್‌ಗೆ ಬೇಕಾದದ್ದು ಬಂದರು, ಜೆಟ್ಟಿ ಏನೂ ಇಲ್ಲದೆ ಮರಳಿನಿಂದಲೇ ಅಲೆಗೆ ನುಗ್ಗಿ ಮತ್ತೆ ಮರಳಿಗೇ ಬಂದು ಬೀಳುವ ದೋಣಿ. 1960ರ ದಶಕದ ಕೊನೆಗೆ ಬಂದ ಹೋಬಿ 14, ಅದರ ಬೆನ್ನಿಗೇ ಬಂದ ಹೋಬಿ 16 ಎರಡಕ್ಕೂ ನೀರಿಗೆ ಇಳಿಬಿಡುವ ನಡುಹಲಗೆ ಇಲ್ಲ. ಒಡಲಿನ ಒಳಮೈ ಒಂದು ಬಗೆ, ಹೊರಮೈ ಇನ್ನೊಂದು ಬಗೆ ಬಾಗಿದೆ. ದೋಣಿ ಪಕ್ಕಕ್ಕೆ ಜಾರದಂತೆ ಆ ಬಾಗೇ ತಡೆಯುತ್ತದೆ. ಚುಕ್ಕಾಣಿಗಳು ನೆಲ ತಗುಲಿದರೆ ಮೇಲಕ್ಕೆ ಮಡಚಿಕೊಳ್ಳುತ್ತವೆ.

ಗಾಳಿ ಬಲವಾಗಿದ್ದ ದಿನ ಹೋಬಿ 16 ಓಡುವುದನ್ನು ನೋಡಬೇಕು. ಗಾಳಿ ಬರುವ ಕಡೆಯ ಒಡಲು ನೀರು ಬಿಟ್ಟು ಏಳುತ್ತದೆ. ಇಬ್ಬರೂ ಸೊಂಟದ ಕೊಕ್ಕೆಯನ್ನು ಕೂವೆಮರದಿಂದ ಇಳಿದ ತಂತಿಗೆ ಸಿಕ್ಕಿಸಿ, ಪಾದ ಮಾತ್ರ ಒಡಲಿನ ಅಂಚಿಗೆ ಊರಿ, ಮೈಯನ್ನು ಪೂರಾ ನೀರಿನ ಮೇಲೆ ಚಾಚಿರುತ್ತಾರೆ. ಒಬ್ಬರು ಒಂದು ಹೆಜ್ಜೆ ಮುಂದೆ ಜರುಗಿದರೆ ಕೆಳಗಿನ ಒಡಲಿನ ಮೂತಿ ಅಲೆಯೊಳಗೆ ಹೂತು, ದೋಣಿ ಮೂಗಿನ ಮೇಲೆ ಲಾಗ ಹಾಕುತ್ತದೆ. ತಂತಿಯಲ್ಲಿ ತೂಗುತ್ತಿದ್ದವರು ಮುಂದಿನ ಕಂಬಿಯನ್ನು ಸುತ್ತುಹಾಕಿ ನೀರಿಗೆ ಬೀಳುತ್ತಾರೆ. ಎದ್ದು, ಕೆಳಗಿನ ಒಡಲ ಮೇಲೆ ನಿಂತು, ಹಗ್ಗ ಹಿಡಿದು ಹಿಂದಕ್ಕೆ ವಾಲಿದರೆ ದೋಣಿ ಮತ್ತೆ ನೆಟ್ಟಗಾಗುತ್ತದೆ. ನಾಚಿಕೆಪಡುವಂಥದ್ದೇನಲ್ಲ, ಎಲ್ಲರೂ ಬಿದ್ದವರೇ. ನಿಜವಾದ ಅಪಾಯ ದಡದಲ್ಲಿತ್ತು: ನಿಲ್ಲಿಸಿದ ಅಲ್ಯುಮಿನಿಯಂ ಕೂವೆಮರ ವಿದ್ಯುತ್ ತಂತಿಗೆ ತಗುಲಿ ಸಾವುಗಳಾದವು. ಅಮೆರಿಕದ ಹೋಬಿಗಳ ಕೂವೆಮರದ ಮೇಲ್ತುದಿ ಫೈಬರ್‌ಗ್ಲಾಸಿನದಾದದ್ದು ಹಾಗೆ.

ಹೋಬಿಯ ಜಾಣತನ ದೋಣಿಗಿಂತ ನಿಯಮದಲ್ಲಿದೆ. ಎಲ್ಲ ದೋಣಿಯೂ ಒಂದೇ ಅಚ್ಚಿನದು. ಹಾಯಿಯಾಗಲಿ ಹಗ್ಗದ ಕೊಂಡಿಯಾಗಲಿ ನಿಯಮ ಬಿಟ್ಟು ಬದಲಿಸುವಂತಿಲ್ಲ. ಇಬ್ಬರ ತೂಕ ಸೇರಿ ಸುಮಾರು 129 ಕಿಲೋ ಇರಬೇಕು, ಕಡಿಮೆ ಬಿದ್ದರೆ ಅಷ್ಟು ತೂಕವನ್ನು ದೋಣಿಗೆ ಕಟ್ಟಬೇಕು. ವಿಶ್ವ ಚಾಂಪಿಯನ್‌ಶಿಪ್ಪಿನಲ್ಲಿ ದೋಣಿಗಳನ್ನು ಸಂಘಟಕರೇ ಕೊಟ್ಟು, ಸ್ಪರ್ಧಿಗಳ ನಡುವೆ ಅದಲುಬದಲು ಮಾಡಿಸುತ್ತಾರೆ. ದುಡ್ಡು ಸುರಿದು ಗೆಲ್ಲುವ ದಾರಿ ಮುಚ್ಚಿತು, ಹಳೆಯ ದೋಣಿಯವನೂ ಕಣದಲ್ಲಿ ಉಳಿದ. ಇಲ್ಲಿಯವರೆಗೆ ಒಂದು ಲಕ್ಷಕ್ಕೂ ಮೀರಿ ಹೋಬಿ 16ಗಳು ತಯಾರಾಗಿವೆ.

ಇದರ ಕೊರತೆಯೂ ಇಲ್ಲೇ ಇದೆ. ಕಂಪನಿಯೊಂದೇ ಆದರೆ ಬೆಲೆಯೂ ಅದರ ಕೈಯಲ್ಲಿ, ಸುಧಾರಣೆಯೂ ಅದರ ಮರ್ಜಿಯಲ್ಲಿ. ಯುರೋಪಿನಲ್ಲಿ ಬೇರೆ ಬೇರೆ ಕಂಪನಿಗಳ ದೋಣಿಗಳು ಬಂದಾಗ ಒಟ್ಟಿಗೆ ಓಡಿಸಲು ರೇಟಿಂಗ್ ಲೆಕ್ಕ, ಅಂದರೆ ದೋಣಿಯ ವೇಗಕ್ಕೆ ತಕ್ಕಂತೆ ಓಟದ ಸಮಯ ತಿದ್ದುವ ಲೆಕ್ಕ, ಹಾಕುತ್ತಿದ್ದರು. ಹಾಲೆಂಡಿನ ಟೆಕ್ಸೆಲ್ ದ್ವೀಪ ಸುತ್ತುವ, 1978ರಿಂದ ನಡೆದುಬಂದ ಓಟ ಇದಕ್ಕೆ ಹೆಸರಾಯಿತು. ರೇಟಿಂಗಿನಲ್ಲಿ ಕಷ್ಟವೆಂದರೆ ದಡ ಸೇರಿ ಗಣಿತ ಮುಗಿಯುವವರೆಗೆ ಗೆದ್ದವರು ಯಾರೆಂದು ಗೊತ್ತಾಗುವುದಿಲ್ಲ. ಮದುವೆ ಊಟ ಮುಗಿದ ಮೇಲೆ ಜಾತಕ ನೋಡಿದ ಹಾಗೆ.

1990ರ ದಶಕದಲ್ಲಿ ಫ್ರಾನ್ಸಿನಲ್ಲಿ ರೂಪುಗೊಂಡ ಫಾರ್ಮುಲಾ 18 ನಡುದಾರಿ ಹಿಡಿಯಿತು. ಉದ್ದ 5.52 ಮೀಟರ್ ಮೀರಬಾರದು, ಅಗಲ 2.60 ಮೀರಬಾರದು, ತೂಕ 180 ಕಿಲೋಗಿಂತ ಇಳಿಯಬಾರದು. ಈ ಚೌಕಟ್ಟಿನೊಳಗೆ ಯಾವ ಕಂಪನಿಯಾದರೂ ತನ್ನ ಬುದ್ಧಿ ತೋರಿಸಲಿ. ಕೂವೆಮರ ಅಲ್ಯುಮಿನಿಯಂನದೇ ಇರಬೇಕು, ಒಡಲಿಗೆ ದುಬಾರಿ ಕಾರ್ಬನ್ ಸಲ್ಲದು. ಹಗುರ ಜೋಡಿಗೆ ಚಿಕ್ಕ ಮುಂಹಾಯಿ, ಭಾರದ ಜೋಡಿಗೆ ದೊಡ್ಡದು. ನಾಕ್ರಾ, ಹೋಬಿ ಮೊದಲಾದ ಕಂಪನಿಗಳು ಪೈಪೋಟಿಗೆ ಇಳಿದವು, ಒಂದೊಂದು ದೊಡ್ಡ ಕೂಟಕ್ಕೆ ನೂರಕ್ಕೂ ಮೀರಿ ದೋಣಿಗಳು ಸೇರಿದವು. ಈ ಕ್ಷೇತ್ರದಲ್ಲಿ ನನಗೆ ಎಲ್ಲಕ್ಕಿಂತ ಮೆಚ್ಚಿಗೆಯಾಗುವ ನಿಯಮ ಇದೇ. ಆದರೂ 180 ಕಿಲೋ ದೋಣಿಯನ್ನು ಮರಳಿನ ಮೇಲೆ ಎಳೆಯಲು ರಟ್ಟೆ ಬೇಕು. ಇನ್ನೂ ಹಗುರಾದದ್ದು, ಗಂಡಹೆಂಡತಿಯೋ ಒಬ್ಬರೇ ಆಗಿಯೋ ಓಡಿಸಬಹುದಾದದ್ದು ಬೇಕೆಂದವರಿಗೆ ಮುಂದೆ ಐದು ಮೀಟರಿನ ಫಾರ್ಮುಲಾ 16 ಬಂತು.

ಈ ಹೊತ್ತಿಗೆ ಒಲಿಂಪಿಕ್ಸ್ ಕೈಕೊಟ್ಟಿತು. 2007ರ ನವೆಂಬರಿನಲ್ಲಿ ಒಕ್ಕೂಟದ ಮತದಾನದಲ್ಲಿ ಕ್ಯಾಟಮರಾನನ್ನೇ ಕೈಬಿಟ್ಟರು. 2012ರ ಲಂಡನ್ ಕೂಟದಲ್ಲಿ ಅದು ಇರಲಿಲ್ಲ. ಮರಳಿ ಬಂದದ್ದು 2016ರ ರಿಯೋದಲ್ಲಿ, ಗಂಡು ಹೆಣ್ಣು ಜೊತೆಯಾಗಿ ಓಡಿಸುವ ನಾಕ್ರಾ 17 ಆಗಿ. ಗೆದ್ದವರು ಅರ್ಜೆಂಟೀನಾದ ಸಾಂಟಿಯಾಗೊ ಲಾಂಗೆ ಮತ್ತು ಸೆಸಿಲಿಯಾ ಕರಾಂಜಾ. ಲಾಂಗೆಗೆ ಆಗ 54 ವರ್ಷ. ಹಿಂದಿನ ವರ್ಷವಷ್ಟೇ ಕ್ಯಾನ್ಸರಿಗಾಗಿ ಶ್ವಾಸಕೋಶದ ಭಾಗ ತೆಗೆಸಿಕೊಂಡಿದ್ದ. ಟೊರ್ನೆಡೊದಲ್ಲಿ ಎರಡು ಕಂಚು ಪಡೆದಿದ್ದವನಿಗೆ ಹೊಸ ದೋಣಿಯಲ್ಲಿ ಚಿನ್ನ.

ಅಷ್ಟರಲ್ಲಿ 2013ರ ಅಮೆರಿಕಾಸ್ ಕಪ್ಪಿನಲ್ಲಿ 72 ಅಡಿಯ ಕ್ಯಾಟಮರಾನುಗಳು ನೀರಿನಡಿಯ ಫಾಯಿಲ್ ಎಂಬ ರೆಕ್ಕೆಗಳ ಮೇಲೆ ಎದ್ದು ಹಾರಿದ್ದವು. 2017ರಿಂದ ನಾಕ್ರಾ 17 ಕೂಡ ಹಾರತೊಡಗಿತು. ಟೋಕಿಯೊ, ಪ್ಯಾರಿಸ್ ಎರಡರಲ್ಲೂ ಇಟಲಿಯ ರುಜ್ಜೇರೊ ತೀತಾ, ಕತೆರೀನಾ ಬಾಂತಿ ಜೋಡಿ ಚಿನ್ನ ಗೆದ್ದಿತು. ಹದಿನೆಂಟು ಅಡಿಯ, ಒಬ್ಬರೇ ಓಡಿಸುವ, ಕೇವಲ 75 ಕಿಲೋ ತೂಗಬಲ್ಲ ಎ ಕ್ಲಾಸ್ ಹಾರುವವರಿಗೊಂದು, ಹಾರದವರಿಗೊಂದು ಎಂದು ಎರಡು ವಿಭಾಗ ಮಾಡಿಕೊಂಡಿತು. ಹಳಬರನ್ನು ದಡದಲ್ಲಿ ಬಿಟ್ಟುಹೋಗದ ಈ ಏರ್ಪಾಟು ಬುದ್ಧಿವಂತರದ್ದು. ಎ ಕ್ಲಾಸಿನಲ್ಲಿ ಮತ್ತೆ ಮತ್ತೆ ವಿಶ್ವ ಚಾಂಪಿಯನ್ ಆದ ಆಸ್ಟ್ರೇಲಿಯದ ಗ್ಲೆನ್ ಆಶ್ಬಿ 2017ರಲ್ಲಿ ಅಮೆರಿಕಾಸ್ ಕಪ್ ಗೆದ್ದ ನ್ಯೂಜಿಲೆಂಡ್ ತಂಡದ ನಾಯಕನಾಗಿದ್ದ. ಮಕ್ಕಳಿಗೆಂದು ನಾಕ್ರಾ 15 ಬಂದು, 2018ರ ಯುವ ಒಲಿಂಪಿಕ್ಸಿನಲ್ಲಿ ಓಡಿತು.

ನಮ್ಮ ಮುನ್ನೂರು ಕಿಲೋಮೀಟರಿನ ಕರಾವಳಿಯಲ್ಲಿ ಯಾವುದಾದರೂ ಕ್ಲಬ್ಬು ಕ್ಯಾಟಮರಾನ್ ರೇಸು ಶುರುಮಾಡುವ ಯೋಚನೆಯಲ್ಲಿದ್ದರೆ ಒಂದು ಕೋರಿಕೆ: ಇರುವ ಹಣದಲ್ಲಿ ಒಂದು ಹೊಸ ಹಾರುವ ದೋಣಿ ತರಬೇಡಿ. ಒಂದೇ ತರಹದ ಆರು ಹಳೆಯ ದೋಣಿ ತನ್ನಿ, ಜೊತೆಗೊಂದು ತೂಕದ ಯಂತ್ರವನ್ನೂ ಇಟ್ಟುಕೊಳ್ಳಿ.