ಚಂದ್ರಗಿರಿಯಿಂದ ಪಾಟಲಿಪುತ್ರಕ್ಕೆ: ಮಕ್ಕಳಿಗೆ ಪ್ರಾಚೀನ ಇತಿಹಾಸದ ಪ್ರವೇಶ

ಆರನೆಯ ಅಥವಾ ಏಳನೆಯ ತರಗತಿಯ ಮಕ್ಕಳಿಗೆ ಪ್ರಾಚೀನ ಜಗತ್ತಿನ ಇತಿಹಾಸವೆಂದರೆ ಬಹುಮಟ್ಟಿಗೆ ಹೆಸರು ಮತ್ತು ಇಸವಿಗಳ ಕಂಠಪಾಠ. ಈಜಿಪ್ಟಿನ ಪಿರಮಿಡ್ಡುಗಳು, ಬ್ಯಾಬಿಲೋನಿನ ಹಮ್ಮುರಬಿ, ಗ್ರೀಕರ ಅಲೆಕ್ಸಾಂಡರ್, ಮಗಧದ ಮೌರ್ಯರು ಒಬ್ಬರ ಹಿಂದೊಬ್ಬರು ಬಂದು, ಪರೀಕ್ಷೆ ಮುಗಿದೊಡನೆ ಮರೆಯಾಗುತ್ತಾರೆ. ಇವೆಲ್ಲ ನಡೆದುವೆಂದು ತಿಳಿದುದು ಹೇಗೆ ಎಂಬ ಪ್ರಶ್ನೆಯನ್ನು ಮಗು ಕೇಳುವುದಿಲ್ಲ. ಕೇಳಿದರೂ ಉತ್ತರಿಸಲು ಹಿರಿಯರಿಗೆ ವ್ಯವಧಾನವಿರುವುದಿಲ್ಲ. ಆದರೆ ಆ ಪ್ರಶ್ನೆಯೇ ಇತಿಹಾಸದ ಹೆಬ್ಬಾಗಿಲು. ಜೈನ ಮನೆತನದ ಮಕ್ಕಳಿಗೆ ಆ ಬಾಗಿಲು ದೂರವಿಲ್ಲ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆಯೇ ಇದೆ.

ಶ್ರುತಕೇವಲಿ ಭದ್ರಬಾಹು ಸ್ವಾಮಿಗಳು ಹನ್ನೆರಡು ವರ್ಷಗಳ ಕ್ಷಾಮವನ್ನು ಮುಂಗಂಡು ಸಂಘಸಮೇತರಾಗಿ ದಕ್ಷಿಣಕ್ಕೆ ಬಂದರು, ಮೌರ್ಯ ಚಕ್ರವರ್ತಿ ಚಂದ್ರಗುಪ್ತನು ರಾಜ್ಯವನ್ನು ತೊರೆದು ಅವರನ್ನು ಅನುಸರಿಸಿದನು, ಗುರುಶಿಷ್ಯರಿಬ್ಬರೂ ಈ ಬೆಟ್ಟದಲ್ಲಿ ಸಲ್ಲೇಖನದಿಂದ ದೇಹವನ್ನು ತ್ಯಜಿಸಿದರು ಎಂಬ ಐತಿಹ್ಯವನ್ನು ಮಕ್ಕಳು ಅಜ್ಜಿಯರ ಬಾಯಿಂದಲೇ ಕೇಳಿರುತ್ತಾರೆ. ಮಗುವಿಗೆ ಪ್ರಿಯವಾದ ಈ ಕಥೆಯಿಂದಲೇ ಪಾಠ ಆರಂಭವಾಗಬಹುದು.

ಚಂದ್ರಗುಪ್ತನ ಕಾಲ ಗೊತ್ತಾದುದು ಗ್ರೀಕರಿಂದ. ಅಲೆಕ್ಸಾಂಡರನ ಸೇನಾನಿಯಾಗಿದ್ದು ಅನಂತರ ಪಶ್ಚಿಮ ಏಷ್ಯದ ಅರಸನಾದ ಸೆಲ್ಯೂಕಸನು ಕ್ರಿ.ಪೂ. 305ರ ಸುಮಾರಿಗೆ ಸಿಂಧೂ ಪ್ರದೇಶದವರೆಗೆ ಬಂದು, ಕೊನೆಗೆ ಭಾರತದ ದೊರೆಯೊಡನೆ ಒಪ್ಪಂದ ಮಾಡಿಕೊಂಡು 500 ಆನೆಗಳನ್ನು ಪಡೆದನು. ಅವನ ರಾಯಭಾರಿ ಮೆಗಸ್ತನೀಸನು ಈ ದೇಶವನ್ನು ಕುರಿತು ‘ಇಂಡಿಕಾ’ ಎಂಬ ಗ್ರಂಥವನ್ನು ಬರೆದನು. ಗ್ರಂಥ ನಷ್ಟವಾಗಿದೆ, ಸ್ಟ್ರಾಬೊ, ಆರಿಯನ್ ಮೊದಲಾದವರು ಉದ್ಧರಿಸಿದ ಭಾಗಗಳು ಮಾತ್ರ ಉಳಿದಿವೆ. ಅವುಗಳಲ್ಲಿ ಬರುವ ದೊರೆಯ ಹೆಸರು ‘ಸ್ಯಾಂಡ್ರಕೋಟಸ್’, ರಾಜಧಾನಿ ‘ಪಾಲಿಬೋಥ್ರ’.

ಈ ಹೆಸರುಗಳ ಗಂಟನ್ನು ಬಿಡಿಸಿದವರು ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ಸ್ಥಾಪಕ ಸರ್ ವಿಲಿಯಂ ಜೋನ್ಸ್. ಪಾಲಿಬೋಥ್ರವು ಗಂಗೆ ಮತ್ತು ‘ಎರನ್ನೊಬೋವಸ್’ ನದಿಗಳ ಸಂಗಮದಲ್ಲಿತ್ತೆಂದು ಗ್ರೀಕರು ಬರೆದಿದ್ದರು. ಶೋಣ ನದಿಗೆ ಹಿರಣ್ಯಬಾಹು ಎಂಬ ಇನ್ನೊಂದು ಹೆಸರುಂಟೆಂಬುದು ಜೋನ್ಸರಿಗೆ ಸಂಸ್ಕೃತ ಗ್ರಂಥವೊಂದರಲ್ಲಿ ದೊರೆಯಿತು. ಹಿರಣ್ಯಬಾಹುವೇ ಎರನ್ನೊಬೋವಸ್, ಪಾಟಲಿಪುತ್ರವೇ ಪಾಲಿಬೋಥ್ರ, ಚಂದ್ರಗುಪ್ತನೇ ಸ್ಯಾಂಡ್ರಕೋಟಸ್ ಎಂದು ಅವರು 1793ರಲ್ಲಿ ಸಾರಿದರು. ಭಾರತದ ಪ್ರಾಚೀನ ಇತಿಹಾಸವು ಜಗತ್ತಿನ ಕಾಲಗಣನೆಯೊಡನೆ ಹೊಂದಿಕೊಂಡುದು ಹೀಗೆ. ಭೂಪಟವನ್ನು ಹರಡಿ ಈ ಶೋಧವನ್ನು ವಿವರಿಸಿದರೆ ಹನ್ನೆರಡು ವರ್ಷದ ಮಗು ಕಣ್ಣರಳಿಸಿ ಕೇಳುತ್ತದೆ.

ಮೆಗಸ್ತನೀಸನೆಂದ ಮಾತ್ರಕ್ಕೆ ಎಲ್ಲವೂ ನಿಜವಲ್ಲ. ಪಾಟಲಿಪುತ್ರದ ಮರದ ಕೋಟೆಗೆ 570 ಬುರುಜುಗಳೂ 64 ದ್ವಾರಗಳೂ ಇದ್ದುವೆಂದು ಅವನು ಬರೆದನು. ಅಂಥ ಮರದ ಕೋಟೆಯ ಅವಶೇಷಗಳು ಪಾಟ್ನಾದ ನೆಲದಡಿಯಲ್ಲಿ ದೊರೆತಿವೆ. ಚಿನ್ನವನ್ನು ಅಗೆಯುವ ಇರುವೆಗಳ ಕಥೆಯನ್ನೂ, ಬಾಯಿಯಿಲ್ಲದ ಮನುಷ್ಯರ ಕಥೆಯನ್ನೂ ಬರೆದವನು ಅವನೇ. ಕಂಡುದನ್ನು ಹೇಳುವಾಗ ನಂಬತಕ್ಕ ಸಾಕ್ಷಿಯು ಕೇಳಿದುದನ್ನು ಹೇಳುವಾಗ ಎಡವಬಹುದು ಎಂಬುದು ಇಲ್ಲಿನ ಪಾಠ.

ಇದೇ ಅಳತೆಗೋಲನ್ನು ನಮ್ಮ ಬೆಟ್ಟಕ್ಕೂ ಹಿಡಿಯಬೇಕಲ್ಲವೆ? ಪಾರ್ಶ್ವನಾಥ ಬಸದಿಯ ಬಳಿಯ ಬಂಡೆಯ ಮೇಲಿನ, ಸುಮಾರು ಕ್ರಿ.ಶ. 600ರ ಶಾಸನವು ಭದ್ರಬಾಹು ಸ್ವಾಮಿಗಳು ಉಜ್ಜಯಿನಿಯಲ್ಲಿ ಕ್ಷಾಮವನ್ನು ಮುನ್ನುಡಿದುದನ್ನೂ ಸಂಘವು ದಕ್ಷಿಣಕ್ಕೆ ಬಂದುದನ್ನೂ ಹೇಳುತ್ತದೆ. ಆದರೆ ಕಟವಪ್ರದಲ್ಲಿ ಸಮಾಧಿಯನ್ನು ಸಾಧಿಸಿದವರ ಹೆಸರು ಅಲ್ಲಿ ಪ್ರಭಾಚಂದ್ರ ಎಂದಿದೆ. ಇದು ಚಂದ್ರಗುಪ್ತನ ದೀಕ್ಷಾನಾಮವೆಂದು ಕೆಲವು ವಿದ್ವಾಂಸರ ಮತ, ಕೆಲವರು ಒಪ್ಪುವುದಿಲ್ಲ. ಹರಿಷೇಣನು ಬೃಹತ್ಕಥಾಕೋಶವನ್ನು ರಚಿಸಿದುದು ಕ್ರಿ.ಶ. 931ರಲ್ಲಿ. ಚಂದ್ರಗುಪ್ತ ಬಸದಿಯಲ್ಲಿ ಈ ಕಥೆಯನ್ನು ಬಿಡಿಸಿರುವ ದಾಸೋಜನ ಜಾಲಂಧ್ರಗಳು ಸುಮಾರು 12ನೆಯ ಶತಮಾನದವು. ದಿಗಂಬರ ಪರಂಪರೆಯ ಗಣನೆಯಂತೆ ಶ್ರುತಕೇವಲಿಗಳ ಕಾಲವು ವೀರನಿರ್ವಾಣದಿಂದ 162 ವರ್ಷಗಳಿಗೆ, ಎಂದರೆ ಕ್ರಿ.ಪೂ. 365ಕ್ಕೆ ಮುಗಿಯುತ್ತದೆ, ಚಂದ್ರಗುಪ್ತನು ಪಟ್ಟವೇರಿದುದು ಕ್ರಿ.ಪೂ. 321ರ ಸುಮಾರಿಗೆ. ನಡುವಣ ಈ ನಾಲ್ವತ್ತು ವರ್ಷಗಳ ಅಂತರವನ್ನು ವಿದ್ವಾಂಸರು ಇನ್ನೂ ಚರ್ಚಿಸುತ್ತಿದ್ದಾರೆ.

ಮಕ್ಕಳ ಕೈಗೆ ಒಂದು ದಾರವನ್ನು ಕೊಟ್ಟು, ನೂರು ವರ್ಷಕ್ಕೆ ಒಂದು ಗೇಣಿನಂತೆ ಗಂಟು ಹಾಕಿಸಬೇಕು. ಚಂದ್ರಗುಪ್ತನಿಂದ ಶಾಸನಕ್ಕೆ ಒಂಬತ್ತು ಗೇಣು, ಹರಿಷೇಣನಿಗೆ ಹನ್ನೆರಡು, ಜಾಲಂಧ್ರಕ್ಕೆ ಹದಿನಾಲ್ಕು, ಇಂದಿಗೆ ಇಪ್ಪತ್ತಮೂರು. ಘಟನೆಗೂ ಅದನ್ನು ಹೇಳುವ ಸಾಕ್ಷಿಗೂ ಇರುವ ದೂರವು ಆಗ ಕೈಗೇ ತಿಳಿಯುತ್ತದೆ.

ಹೀಗೆ ಹೇಳಿದರೆ ಮಕ್ಕಳ ಶ್ರದ್ಧೆಗೆ ಕುಂದು ಬಂದೀತೆಂದು ಅಂಜುವ ಹಿರಿಯರುಂಟು. ಆ ಅಂಜಿಕೆಯನ್ನು ಹಗುರವಾಗಿ ಕಾಣಬಾರದು. ಆದರೆ ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಅತಿಚಾರಗಳನ್ನು ಎಣಿಸುವಾಗ ಮಿಥ್ಯೋಪದೇಶವನ್ನೂ ಕೂಟಲೇಖಕ್ರಿಯೆಯನ್ನೂ ಹೆಸರಿಸುತ್ತದೆ. ಒಳ್ಳೆಯ ಉದ್ದೇಶಕ್ಕಾದರೆ ಇವು ಸಲ್ಲುತ್ತವೆ ಎಂಬ ವಿನಾಯಿತಿ ಅಲ್ಲಿಲ್ಲ. ಐತಿಹ್ಯವನ್ನು ಐತಿಹ್ಯವೆಂದೂ ಶಾಸನವನ್ನು ಶಾಸನವೆಂದೂ ಊಹೆಯನ್ನು ಊಹೆಯೆಂದೂ ಹೇಳುವುದು ವ್ರತಪಾಲನೆಯೇ ಆಗಿದೆ. ಯಾವ ಮಾತು ಯಾವ ಅಪೇಕ್ಷೆಯಿಂದ ಸತ್ಯ ಎಂದು ಕೇಳಲು ಕಲಿಸುವ ಸ್ಯಾದ್ವಾದವು ಈ ಪಾಠಕ್ಕೆ ಹೊಸದೇನನ್ನೂ ಬೇಡುವುದಿಲ್ಲ. ಬಾಲ್ಯದಲ್ಲಿ ಎಲ್ಲವನ್ನೂ ನಿಶ್ಚಿತವೆಂದು ಕೇಳಿದವನು ಕಾಲೇಜಿನಲ್ಲಿ ಒಂದು ಸಂದೇಹವನ್ನು ಎದುರಿಸಿದರೆ, ಆ ಕಥೆಯೊಡನೆ ಹಿರಿಯರ ಮಾತನ್ನೂ ಕೈಬಿಟ್ಟಾನು. ಸಂದೇಹವನ್ನು ಮನೆಯಲ್ಲಿಯೇ ಕಲಿತವನಿಗೆ ಆ ಅಪಾಯವಿಲ್ಲ. ಸಾವಿರದ ನಾನೂರು ವರ್ಷಗಳಿಂದ ಈ ಬಂಡೆಯು ತ್ಯಾಗಿಗಳ ಸ್ಮರಣೆಯನ್ನು ಹೊತ್ತು ನಿಂತಿದೆ ಎಂಬುದು ಸಂದೇಹಕ್ಕೆ ಎಡೆಯಿಲ್ಲದ ಸಂಗತಿ. ಗೌರವಕ್ಕೆ ಅದು ಸಾಲದೆ?

ಬಸದಿಗಳ ಆಡಳಿತ ಮಂಡಳಿಗಳಿಗೂ ಇಲ್ಲಿ ಕರ್ತವ್ಯವಿದೆ. ಜೀರ್ಣೋದ್ಧಾರದ ಭರದಲ್ಲಿ ಶಾಸನದ ಕಲ್ಲಿಗೆ ಸುಣ್ಣ ಬಳಿಯುವುದು, ಬಣ್ಣ ಹಚ್ಚುವುದು, ಅದನ್ನು ನೆಲಹಾಸಿಗೆ ಬಳಸುವುದು ಸಾಕ್ಷಿಯ ಬಾಯಿ ಮುಚ್ಚಿದಂತೆ. ಪರಿಚಯ ಫಲಕದಲ್ಲಿ ಕಥೆಯ ಜೊತೆಗೆ ಕೆತ್ತನೆಯ ಶತಮಾನವನ್ನೂ ಬರೆಯಿಸಬೇಕು. ಪಾಠಶಾಲೆಯ ಮಕ್ಕಳನ್ನು ವರ್ಷಕ್ಕೊಮ್ಮೆ ತಮ್ಮೂರ ಶಾಸನದ ಮುಂದೆ ಕೂರಿಸಿ, ಬಲ್ಲವರಿಂದ ಅದನ್ನು ಓದಿಸಬೇಕು. ಕಲ್ಲು ಎಷ್ಟು ಹೇಳುತ್ತದೆಯೋ ಅಷ್ಟನ್ನೇ ಓದಲು ಕಲಿತ ಮಗುವು ಈಜಿಪ್ಟಿನ ಕಲ್ಲನ್ನೂ ಗ್ರೀಕರ ಗ್ರಂಥವನ್ನೂ ಅದೇ ಪ್ರಾಮಾಣಿಕತೆಯಿಂದ ಓದುತ್ತದೆ.