ಬಾಳೆಹಣ್ಣು, ಬಂಟ್ವಾಳದ ಮಲ್ಯ ಮತ್ತು ಕಲ್ಕುಡನ ಕೈ

ಬಾಳೆಹಣ್ಣಿನ ಕಥೆ ನಿಮಗೆಲ್ಲ ಗೊತ್ತಿರಬಹುದು. ೨೦೨೪ರ ನವೆಂಬರಿನಲ್ಲಿ ನ್ಯೂಯಾರ್ಕಿನ ಸದಬೀಸ್ ಹರಾಜಿನಲ್ಲಿ ಒಂದೇ ಒಂದು ಬಾಳೆಹಣ್ಣು ೬೨ ಲಕ್ಷ ಡಾಲರಿಗೆ ಹೋಯಿತು. ನಮ್ಮ ಲೆಕ್ಕದಲ್ಲಿ ಐವತ್ತು ಕೋಟಿ ರೂಪಾಯಿಗೂ ಮೇಲೆ. ನೇಂದ್ರವೂ ಅಲ್ಲ, ಕದಳಿಯೂ ಅಲ್ಲ ಮಾರಾಯ್ರೆ, ಗೋಡೆಗೆ ಟೇಪು ಹಚ್ಚಿ ಅಂಟಿಸಿದ ಮಾಮೂಲಿ ಹಣ್ಣು. ಇಟಲಿಯ ಮೌರಿಜಿಯೋ ಕ್ಯಾಟೆಲಾನ್ ಎಂಬ ಕಲಾವಿದನ ಕೃತಿಯಂತೆ. ಕೊಂಡವನು ಜಸ್ಟಿನ್ ಸನ್, ಟ್ರಾನ್ ಎಂಬ ಕ್ರಿಪ್ಟೋ ನಾಣ್ಯ ಹುಟ್ಟುಹಾಕಿದವನು. ಕೆಲವು ದಿನ ಕಳೆದು ಹಾಂಕಾಂಗಿನ ಹೋಟೆಲೊಂದರಲ್ಲಿ ಪತ್ರಕರ್ತರನ್ನು ಕೂರಿಸಿಕೊಂಡು ಅದನ್ನು ಸುಲಿದು ತಿಂದೂ ಬಿಟ್ಟ. (ಹಣ್ಣು ಕೊಳೆತರೆ ಹೊಸದು ಹಚ್ಚಬಹುದು, ಆತ ಕೊಂಡದ್ದು ಹಣ್ಣನ್ನಲ್ಲ, ಅದರ ಪ್ರಮಾಣಪತ್ರವನ್ನು. ಇದನ್ನು ಮನೆಯಲ್ಲಿ ವಿವರಿಸಲು ಹೋಗಿ ನಾನು ಸೋತಿದ್ದೇನೆ.)

ಜಗತ್ತು ನಕ್ಕಿತು, ಬೈಯಿತು, ಮರೆಯಿತು. ನನಗೆ ಮರೆಯಲಾಗದ್ದು ಆ ಹಣ್ಣನ್ನು ಮಾರಿದವನ ಕಥೆ. ಹರಾಜಿನ ಕಟ್ಟಡದ ಹತ್ತಿರ ರಸ್ತೆ ಬದಿಯಲ್ಲಿ ಹಣ್ಣಿನ ಗಾಡಿ, ಅದರಲ್ಲಿ ಸಂಬಳಕ್ಕೆ ದುಡಿಯುವ ವಯಸ್ಸಾದ ಬಾಂಗ್ಲಾದೇಶಿ. ಅವನು ಅದನ್ನು ಮಾರಿದ್ದು ೩೫ ಸೆಂಟಿಗೆ. ತನ್ನ ಹಣ್ಣು ಎಷ್ಟಕ್ಕೆ ಹೋಯಿತೆಂದು ಪತ್ರಿಕೆಯವರು ಹೇಳಿದಾಗ ಅವನು ಅತ್ತುಬಿಟ್ಟನಂತೆ. ಅದು ಸುದ್ದಿಯಾದ ಮೇಲೆ ಜಸ್ಟಿನ್ ಸನ್, ಅದೇ ಗಾಡಿಯಿಂದ ಒಂದು ಲಕ್ಷ ಬಾಳೆಹಣ್ಣು ಕೊಳ್ಳುತ್ತೇನೆ ಅಂದ. ಕೊಂಡರೂ ಲಾಭ ಹೋಗುವುದು ಗಾಡಿಯ ಯಜಮಾನನಿಗೆ, ಇವನಿಗೆ ಗಂಟೆಯ ಕೂಲಿ ಮಾತ್ರ.

ಇದನ್ನು ಓದಿದ ದಿನ ನನಗೆ ನೆನಪಾದದ್ದು ಕಲ್ಕುಡ. ಆದರೆ ಅಲ್ಲಿಗೆ ಹೋಗುವ ಮೊದಲು ಬಂಟ್ವಾಳದಲ್ಲಿ ಸ್ವಲ್ಪ ನಿಲ್ಲಬೇಕು.

ವಿಜಯ ಮಲ್ಯರ ಮನೆತನದ ಮೂಲ ಬಂಟ್ವಾಳ ಅನ್ನುವುದು ಘಟ್ಟದ ಮೇಲಿನವರಿಗೆ ಅಷ್ಟಾಗಿ ಗೊತ್ತಿರುವುದಿಲ್ಲ. ಬಂಟ್ವಾಳ ಅಂದರೆ ಈಗ ಹೆದ್ದಾರಿಯಲ್ಲಿ ಬಿ.ಸಿ.ರೋಡು ದಾಟುವಾಗ ಕಾಣುವ ಗಲಾಟೆಯಲ್ಲ. ಹಳೇ ಪೇಟೆ ನೇತ್ರಾವತಿಯ ದಡದಲ್ಲಿದೆ. ಘಟ್ಟದಿಂದ ಗಾಡಿಗಳಲ್ಲಿ ಕಾಫಿ, ಏಲಕ್ಕಿ ಇಳಿದು ಬಂದು ಇಲ್ಲಿ ದೋಣಿ ಹತ್ತಿ ಮಂಗಳೂರಿಗೆ ಹೋಗುತ್ತಿದ್ದ ಕಾಲವೊಂದಿತ್ತು. ಕೊಂಕಣಿ ವ್ಯಾಪಾರಿಗಳ ಪೇಟೆ ಅದು, ನಡುವೆ ತಿರುಮಲ ವೆಂಕಟರಮಣ ದೇವಸ್ಥಾನ. ೧೯೨೩ರ ನೆರೆ ಬಂಟ್ವಾಳವನ್ನೂ ಪಾಣೆಮಂಗಳೂರನ್ನೂ ತೊಳೆದುಕೊಂಡು ಹೋಯಿತು. ಮಲ್ಯರ ಕುಟುಂಬ ಬೇಗ ಊರು ಬಿಟ್ಟಿತ್ತು. ಅಜ್ಜ ಸೇನೆಯಲ್ಲಿದ್ದರು, ಅಪ್ಪ ವಿಠಲ ಮಲ್ಯರು ಯುನೈಟೆಡ್ ಬ್ರೂವರೀಸನ್ನು ಕೈಗೆ ತೆಗೆದುಕೊಂಡು ದೊಡ್ಡದು ಮಾಡಿದರು. ವಿಠಲ ಮಲ್ಯರು ಕಾಸಿಗೆ ಕಾಸು ಲೆಕ್ಕ ಹಾಕುವ, ಸುದ್ದಿಯಲ್ಲಿ ಕಾಣಿಸಿಕೊಳ್ಳದ ಮನುಷ್ಯ ಎಂದೇ ಹೆಸರಾದವರು. ೧೯೮೩ರಲ್ಲಿ ತೀರಿಕೊಂಡರು.

ಮಗನ ಕಥೆ ನಿಮಗೆ ಹೇಳಬೇಕಾಗಿಲ್ಲ. ತೊಂಬತ್ತೈದು ಮೀಟರಿನ ಹಡಗು, ಫಾರ್ಮುಲಾ ಒನ್ ತಂಡ, ಕ್ಯಾಲೆಂಡರು, ಹರಾಜಿನಲ್ಲಿ ಕೊಂಡ ಟಿಪ್ಪುವಿನ ಕತ್ತಿ, ೨೦೦೯ರಲ್ಲಿ ೧೮ ಲಕ್ಷ ಡಾಲರ್ ಕೊಟ್ಟು ಬಿಡಿಸಿಕೊಂಡ ಗಾಂಧೀಜಿಯ ಕನ್ನಡಕ ಮತ್ತು ಚಪ್ಪಲಿ. ಹೆಂಡದ ದೊರೆ ಗಾಂಧಿಯ ಚಪ್ಪಲಿ ಕೊಂಡದ್ದಕ್ಕೆ ನಾವೇ ನಕ್ಕೆವು, ನಾವೇ ಹೆಮ್ಮೆಯನ್ನೂ ಪಟ್ಟೆವು. ೨೦೦೫ರಲ್ಲಿ ಕಿಂಗ್‌ಫಿಷರ್ ವಿಮಾನ ಹಾರಿದಾಗ, ೨೦೦೮ರಲ್ಲಿ ಬೆಂಗಳೂರಿನ ಕ್ರಿಕೆಟ್ ತಂಡ ಕೊಂಡಾಗ, ನಮ್ಮ ಕಡೆಯವರು “ಅವರು ನಮ್ಮ ಬಂಟ್ವಾಳದವರು” ಅನ್ನಲು ಮರೆಯುತ್ತಿರಲಿಲ್ಲ. ಕರ್ನಾಟಕದಿಂದ ಎರಡು ಬಾರಿ ರಾಜ್ಯಸಭೆಗೂ ಹೋದರು.

೨೦೧೨ರಲ್ಲಿ ವಿಮಾನಗಳು ನೆಲಕ್ಕಿಳಿದವು. ಸಾವಿರಾರು ನೌಕರರಿಗೆ ತಿಂಗಳುಗಟ್ಟಲೆ ಸಂಬಳವಿಲ್ಲ. ಆ ವರ್ಷವೇ ಕುಕ್ಕೆ ಸುಬ್ರಹ್ಮಣ್ಯನಿಗೆ ಮಲ್ಯರಿಂದ ಚಿನ್ನದ ಲೇಪದ ಬಾಗಿಲು. ಡಿಸೆಂಬರಿನಲ್ಲಿ, ತನ್ನ ಹುಟ್ಟುಹಬ್ಬದ ದಿನ, ತಿರುಪತಿಗೆ ಮೂರು ಕಿಲೋ ಚಿನ್ನ. ಗಮನಿಸಿ, ಜನ ನಿಜವಾಗಿ ಸಿಟ್ಟಾದದ್ದು ಆವಾಗ. ಹಡಗು, ಪಾರ್ಟಿ, ಕಾರುಗಳಿಗೆ ಯಾರೂ ಸಿಟ್ಟಾಗಿರಲಿಲ್ಲ. ೨೦೧೫ರಲ್ಲಿ ಗೋವಾದಲ್ಲಿ ಅರವತ್ತನೇ ಹುಟ್ಟುಹಬ್ಬಕ್ಕೆ ಎನ್ರಿಕೆ ಇಗ್ಲೇಸಿಯಸ್‌ನನ್ನು ಕರೆಸಿ ಹಾಡಿಸಿದಾಗ ಮಾತ್ರ ಆ ಸಿಟ್ಟು ಉರಿಯಾಯಿತು. ಮೂರು ತಿಂಗಳೊಳಗೆ, ೨೦೧೬ರ ಮಾರ್ಚ್ ೨ರಂದು, ಆತ ಲಂಡನ್ನಿಗೆ ಹೋದರು. ಬ್ಯಾಂಕುಗಳಿಗೆ ಬಾಕಿ ಸುಮಾರು ಒಂಬತ್ತು ಸಾವಿರ ಕೋಟಿ ಎಂದು ಲೆಕ್ಕ. ೨೦೧೯ರ ಜನವರಿಯಲ್ಲಿ ಕೋರ್ಟು ‘ದೇಶಭ್ರಷ್ಟ ಆರ್ಥಿಕ ಅಪರಾಧಿ’ ಎಂದು ಘೋಷಿಸಿತು.

ಆಮೇಲೆ ಗಾಳಿ ಮತ್ತೆ ತಿರುಗಿತು. ೨೦೨೪ರ ಡಿಸೆಂಬರಿನಲ್ಲಿ ಹಣಕಾಸು ಸಚಿವೆಯೇ ಸಂಸತ್ತಿನಲ್ಲಿ, ಮಲ್ಯರ ಆಸ್ತಿಯಿಂದ ಬ್ಯಾಂಕುಗಳಿಗೆ ೧೪ ಸಾವಿರ ಕೋಟಿಗೂ ಹೆಚ್ಚು ಮರಳಿಸಲಾಗಿದೆ ಎಂದರು. ೨೦೨೫ರ ಜೂನ್ ೩ರಂದು ಆರ್‌ಸಿಬಿ ಕಪ್ ಗೆದ್ದಿತು. ಅದೇ ವಾರ ಮಲ್ಯ ಒಂದು ಪಾಡ್‌ಕಾಸ್ಟಿನಲ್ಲಿ ನಾಲ್ಕು ಗಂಟೆ ಮಾತಾಡಿ, ಸಂಬಳ ಸಿಗದ ನೌಕರರ ಕ್ಷಮೆ ಕೇಳಿದರು. ಹೊಸ ಹುಡುಗರೆಲ್ಲ “ಪಾಪ, ಬಿಟ್ಟುಬಿಡಿ” ಅಂತ ಬರೆಯತೊಡಗಿದರು. ಸಾಲ ತೀರಿತೋ ಇಲ್ಲವೋ ಅನ್ನುವುದು ವಕೀಲರ ಕೆಲಸ. ಶ್ರೀಮಂತರ ಬಗ್ಗೆ ನಮ್ಮ ಊರಿನ ಮನಸ್ಸು ಹೇಗೆ ಕೆಲಸ ಮಾಡುತ್ತದೆ ಅನ್ನುವುದು ನನ್ನ ಕುತೂಹಲ. ಅದಕ್ಕೆ ಆರುನೂರು ವರ್ಷದ ದಾಖಲೆ ಇದೆ.

ಮೂಡಬಿದಿರೆಗೆ ಹೋಗಿ. ಸಾವಿರ ಕಂಬದ ಬಸದಿಯನ್ನು ಎಲ್ಲರೂ ನೋಡುತ್ತಾರೆ, ೧೪೩೦ರಲ್ಲಿ, ವಿಜಯನಗರದ ಎರಡನೇ ದೇವರಾಯನ ಕಾಲದಲ್ಲಿ ಎದ್ದದ್ದು. ಒಂದು ಕಂಬದಂತೆ ಇನ್ನೊಂದಿಲ್ಲ. ಆಮೇಲೆ ಸೇರಿದ ಭೈರಾದೇವಿ ಮಂಟಪದ ತಳದಲ್ಲಿ ಕಣ್ಣು ಹಾಯಿಸಿದರೆ ಜಿರಾಫೆ ಇದೆ, ಚೀನಾದ ಡ್ರ್ಯಾಗನ್ನಿನಂಥ ಪ್ರಾಣಿಯೂ ಇದೆ. ಸಮುದ್ರದಿಂದ ಇಷ್ಟು ಒಳಗಿನ ಊರಿನಲ್ಲಿ ಜಿರಾಫೆ! ಕೆತ್ತಿದವನು ಅದನ್ನು ಕಂಡಿದ್ದನೋ, ಹಡಗು ನೋಡಿ ಬಂದವರ ಬಾಯಲ್ಲಿ ಕೇಳಿದ್ದನೋ, ಅಂತೂ ಆ ಕಾಲಕ್ಕೆ ಕರಾವಳಿಯ ಬಂದರುಗಳಿಗೆ ಅರಬರೂ ಚೀನೀಯರೂ ಬರುತ್ತಿದ್ದರು. ಘಟ್ಟದ ಬುಡದ ಕರಿಮೆಣಸೇ ಆಗಿನ ಬಿಟ್‌ಕಾಯಿನ್ ಅನ್ನಿ :-) ಇಲ್ಲಿ ಬಳ್ಳಿಯಲ್ಲಿ ಬಿಡುವ ಕಾಳಿಗೆ ಅಲ್ಲೆಲ್ಲೋ ಯುರೋಪಿನಲ್ಲಿ ಚಿನ್ನದ ಬೆಲೆ.

ಆದರೆ ಸಾವಿರ ಕಂಬ ನೋಡಿ ಹಿಂದಿರುಗಿದವರು ಉಳಿದ ಬಸದಿಗಳ ಹೆಸರು ಓದುವುದಿಲ್ಲ. ಮೂಡಬಿದಿರೆಯಲ್ಲಿ ಒಟ್ಟು ಹದಿನೆಂಟು ಬಸದಿ. ವಿಕ್ರಮ ಶೆಟ್ಟಿ ಬಸದಿ, ಮಹಾದೇವ ಶೆಟ್ಟಿ ಬಸದಿ, ದೇರಮ್ಮ ಶೆಟ್ಟಿ ಬಸದಿ, ಚೋಳ ಶೆಟ್ಟಿ ಬಸದಿ, ಕೋಟಿ ಶೆಟ್ಟಿ ಬಸದಿ. ಒಳಗಿರುವವರು ತೀರ್ಥಂಕರರು. ಎಲ್ಲವನ್ನೂ ಬಿಟ್ಟು ದಿಗಂಬರರಾಗಿ ನಿಂತವರು. ಬೋರ್ಡಿನಲ್ಲಿರುವುದು ವ್ಯಾಪಾರಿಯ ಹೆಸರು. ಕುಹಕವಲ್ಲ ಇದು. ಆ ಶೆಟ್ಟರುಗಳು ಕೊಟ್ಟದ್ದರಿಂದಲೇ ಧವಲ ಗ್ರಂಥಗಳ ತಾಳೆಗರಿ ಈ ಊರಿನಲ್ಲಿ ಉಳಿಯುವಂಥ ವಾತಾವರಣ ಇತ್ತು. ಅವರ ಮನೆ ಹೇಗಿತ್ತು, ಏನು ತಿಂದರು, ಮದುವೆಗೆ ಎಷ್ಟು ಖರ್ಚು ಮಾಡಿದರು, ಒಂದೂ ಊರಿನ ನೆನಪಿನಲ್ಲಿಲ್ಲ. ಉಳಿದದ್ದು ಬಸದಿ.

ಅದೇ ಊರಿನ ಚೌಟರ ಅರಮನೆಯ ಕಂಬಗಳೂ ಪ್ರಸಿದ್ಧ. ಒಂಬತ್ತು ಹೆಂಗಸರು ಸೇರಿ ಆನೆಯಾದ ನವನಾರೀ ಕುಂಜರ, ಐವರು ಸೇರಿ ಕುದುರೆಯಾದ ಪಂಚನಾರೀ ತುರಗ. ಮರದಲ್ಲಿ ಮಾಡಿದ ಆ ವೈಭವ ನೋಡಿ ಬಂದ ಮೇಲೆ ಪಿಯೆತ್ರೋ ದೆಲ್ಲಾ ವಾಲೆಯ ಬರಹ ಓದಬೇಕು. ಈ ಇಟಲಿಯವನು ೧೬೨೩ರಲ್ಲಿ ಮಂಗಳೂರಿಗೆ ಬಂದು, ಚೌಟರದೇ ವಂಶದ ಉಳ್ಳಾಲದ ರಾಣಿಯನ್ನು ನೋಡಲು ಮಣೇಲಿಗೆ ಹೋದ. ರಾಣಿ ಬರಿಗಾಲಿನಲ್ಲಿ, ದಪ್ಪ ನೂಲಿನ ಬಟ್ಟೆ ಸುತ್ತಿಕೊಂಡು, ಹೊಲಕ್ಕೆ ನೀರು ಹಾಯಿಸುವ ಕಾಲುವೆ ತೋಡಿಸುತ್ತ ಓಡಾಡುತ್ತಿದ್ದಳು. ಮೇಲೆ ಹಿಡಿದಿದ್ದದ್ದು ತಾಳೆಗರಿಯ ಕೊಡೆ. ಅಡುಗೆಮನೆಯ ಕೆಲಸದವಳೋ ಅಗಸಗಿತ್ತಿಯೋ ಅನ್ನುವಂತೆ ಕಂಡಳು, ಆದರೆ ಮಾತಿಗೆ ನಿಂತಾಗ ರಾಣಿ ಎಂದು ತಿಳಿಯಿತು ಎಂಬರ್ಥದಲ್ಲಿ ಬರೆದಿದ್ದಾನೆ. ಅವನಿಗೆ ಸ್ವಲ್ಪ ನಿರಾಸೆಯೇ ಆಗಿತ್ತೋ ಏನೋ. ನನಗಂತೂ ಇಡೀ ತುಳುನಾಡಿನ ಇತಿಹಾಸದಲ್ಲಿ ಇಷ್ಟು ಚಂದದ ಪುಟ ಇನ್ನೊಂದಿಲ್ಲ.

ಇನ್ನು ಕಲ್ಕುಡ.

ಕಾರ್ಕಳದ ಗೊಮ್ಮಟ ನಿಂತದ್ದು ೧೪೩೨ರಲ್ಲಿ, ನಿಲ್ಲಿಸಿದವನು ಭೈರರಸ ವಂಶದ ವೀರಪಾಂಡ್ಯ. ಬೆಳ್ತಂಗಡಿ ತಾಲೂಕಿನ ವೇಣೂರಿನ ಗೊಮ್ಮಟ ೧೬೦೪ರಲ್ಲಿ, ನಿಲ್ಲಿಸಿದವನು ವೀರ ತಿಮ್ಮಣ್ಣ ಅಜಿಲ. ಕಾರ್ಕಳದ್ದು ೪೨ ಅಡಿ, ವೇಣೂರಿನದ್ದು ೩೫ ಅಡಿ. ಎರಡೂ ಕಡೆ ಶಾಸನವಿದೆ. ವಂಶ ಯಾವುದು, ಗುರು ಯಾರು, ತಿಥಿ ವಾರ ಯಾವುದು, ಎಲ್ಲ ಸ್ಪಷ್ಟ. ವೇಣೂರಿನಲ್ಲಿ ವಿಗ್ರಹ ಏಳುವಾಗ ಕಾರ್ಕಳದ ಅರಸನಿಗೆ ಹೊಟ್ಟೆಕಿಚ್ಚಾಯಿತು, ಮೂರ್ತಿಯನ್ನು ತನಗೆ ಒಪ್ಪಿಸು ಎಂದ, ಅಜಿಲ ಅದನ್ನು ಫಲ್ಗುಣಿ ಹೊಳೆಯ ಮರಳಿನಲ್ಲಿ ಹೂತು ಅಡಗಿಸಿ ಯುದ್ಧಕ್ಕೆ ನಿಂತ ಎಂದು ಐತಿಹ್ಯ. ನನ್ನ ಗೊಮ್ಮಟನ ಹತ್ತಿರದಲ್ಲಿ ಇನ್ನೊಂದು ಗೊಮ್ಮಟ ಇರಬಾರದು, ಅಷ್ಟೇ ಜಗಳ. ಅಣ್ಣನಿಗೆ ರಾಜ್ಯ ಬಿಟ್ಟುಕೊಟ್ಟವನ ಮೂರ್ತಿಗಾಗಿ!

ಇದು ಅರಮನೆಯ ಕಡೆಯ ಕಥೆ. ಜನರ ಕಡೆಯ ಕಥೆ ಪಾಡ್ದನದಲ್ಲಿದೆ. ಬರ್ನೆಲ್ ಸಂಗ್ರಹಿಸಿದ್ದು ೧೮೯೪ರ ಹೊತ್ತಿಗೆ ಇಂಡಿಯನ್ ಆಂಟಿಕ್ವೆರಿಯಲ್ಲಿ ಅಚ್ಚಾಗತೊಡಗಿತು, ಈಗಲೂ ಕೋಲದಲ್ಲಿ ಹಾಡುತ್ತಾರೆ, ಪಾಠಾಂತರಗಳು ಹಲವು. ಸಾರ ಇಷ್ಟು. ಬೀರ ಕಲ್ಕುಡ ಎಂಬ ಶಿಲ್ಪಿ ಕಾರ್ಕಳದ ಗೊಮ್ಮಟನನ್ನು ಕೆತ್ತಿ ನಿಲ್ಲಿಸುತ್ತಾನೆ. ಅರಸ ನೋಡುತ್ತಾನೆ, ಮೆಚ್ಚುತ್ತಾನೆ. ಮೆಚ್ಚಿದ್ದೇ ತಪ್ಪಾಯಿತು. ಇಂಥದ್ದು ಇನ್ನೊಬ್ಬನ ಊರಿನಲ್ಲಿ ಏಳಬಾರದೆಂದು ಕಲ್ಕುಡನ ಎಡಗೈ, ಬಲಗಾಲು ಕಡಿಸುತ್ತಾನೆ. ಕಲ್ಕುಡ ಕುಂಟುತ್ತ ವೇಣೂರಿಗೆ ಬರುತ್ತಾನೆ. ಉಳಿದ ಒಂದೇ ಕೈ ಒಂದೇ ಕಾಲಿನಲ್ಲಿ ಅಜಿಲರಸನಿಗೆ ಇನ್ನೊಂದು ಗೊಮ್ಮಟನನ್ನು ಕೆತ್ತಿ ನಿಲ್ಲಿಸುತ್ತಾನೆ. ಅಣ್ಣನನ್ನು ಹುಡುಕುತ್ತ ಬಂದ ತಂಗಿ ಕಲ್ಲುರ್ಟಿ ಆ ಕೈಕಾಲು ನೋಡುತ್ತಾಳೆ. ಮುಂದೆ ಇಬ್ಬರೂ ಮಾಯವಾಗಿ ದೈವಗಳಾಗುತ್ತಾರೆ, ಕಾರ್ಕಳದ ಪೇಟೆಗೆ ಬೆಂಕಿ ಬೀಳುತ್ತದೆ, ಅರಸ ಸೋಲುತ್ತಾನೆ.

ಇಸವಿ ನೋಡಿ. ೧೪೩೨, ೧೬೦೪. ನಡುವೆ ೧೭೨ ವರ್ಷ. ಒಬ್ಬನೇ ಶಿಲ್ಪಿ ಎರಡನ್ನೂ ಕೆತ್ತಿರಲು ಸಾಧ್ಯವೇ ಇಲ್ಲ. ಹಾಗಾಗಿ ಇದು ಸುಳ್ಳು ಎಂದು ಬದಿಗಿಡುವವರನ್ನು ಕಂಡಿದ್ದೇನೆ. ಮೊದಲು ನಾನೂ ಹಾಗೇ ಅಂದುಕೊಂಡಿದ್ದೆ. ಈಗ ನನಗೆ ಬೇರೆಯೇ ಅನಿಸುತ್ತದೆ. ಆ ಎರಡು ಮೂರ್ತಿಗಳ ಬುಡದಲ್ಲಿ ಕಲ್ಲು ಒಡೆದ, ಹೊತ್ತ, ಹಗ್ಗ ಎಳೆದ ಜನರು ಎಷ್ಟೋ ತಲೆಮಾರು. ಅವರೆಲ್ಲರನ್ನೂ ಪಾಡ್ದನ ಒಬ್ಬನೇ ಮನುಷ್ಯನನ್ನಾಗಿ ಮಾಡಿ ಬೀರ ಕಲ್ಕುಡ ಎಂದು ಹೆಸರಿಟ್ಟಿತು. ಅರಸರದ್ದನ್ನು ಕಲ್ಲು ನೆನಪಿಟ್ಟುಕೊಂಡಿತು, ಇವರದ್ದನ್ನು ಬಾಯಿ ನೆನಪಿಟ್ಟುಕೊಂಡಿತು. ಕೈ ಕಡಿದದ್ದು ನಡೆದಿದೆಯೋ ಇಲ್ಲವೋ, ‘ಹೀಗೆ ಮಾಡುವವರೇ ಇವರು’ ಎಂದು ಜನ ನಂಬಿದ್ದಂತೂ ನಡೆದಿದೆ. ಅದೂ ಇತಿಹಾಸವೇ ಅಲ್ವಾ?

ಇನ್ನೊಂದು ಸೂಕ್ಷ್ಮ. ಪಾಡ್ದನಕ್ಕೆ ಗೊಮ್ಮಟನ ಮೇಲೆ ಸಿಟ್ಟಿಲ್ಲ. ಗೊಮ್ಮಟ ಕೆತ್ತಿದ್ದು ಕಲ್ಕುಡನ ಹೆಗ್ಗಳಿಕೆ. ವೇಣೂರಿನ ಅರಸನೂ ಅಷ್ಟೇ ದುಡ್ಡು ಸುರಿದವನು, ಅವನ ಮೇಲೂ ಸಿಟ್ಟಿಲ್ಲ. ಮೂಡಬಿದಿರೆಯ ಶೆಟ್ಟರುಗಳಿಗೆ ಶಾಪ ಹಾಕುವ ಇಂಥ ಪಾಡ್ದನ ನಾನು ಕೇಳಿಲ್ಲ. ಬೆಂಕಿ ಬಿದ್ದದ್ದು ಕೈ ಕಡಿದವನ ಪೇಟೆಗೆ ಮಾತ್ರ. ಸಂಬಳವಿಲ್ಲದ ತಿಂಗಳಿನಲ್ಲಿ ದೇವರಿಗೆ ಹೋದ ಚಿನ್ನ ನೋಡಿ ೨೦೧೨ರಲ್ಲಿ ಸಿಟ್ಟಾದವರಿಗೆ ಈ ಪಾಡ್ದನ ಗೊತ್ತಿರಲಿಕ್ಕಿಲ್ಲ. ಆದರೆ ಲೆಕ್ಕ ಒಂದೇ.

ವೇಣೂರಿನಲ್ಲಿ ೨೦೨೪ರ ಫೆಬ್ರವರಿ ಕೊನೆಗೆ ಮಹಾಮಸ್ತಕಾಭಿಷೇಕ ನಡೆಯಿತು, ಹನ್ನೆರಡು ವರ್ಷಕ್ಕೊಮ್ಮೆ ಬರುವುದು. ಹಾಲು, ಎಳನೀರು, ಅರಶಿನ, ಚಂದನ. ತಿಮ್ಮಣ್ಣ ಅಜಿಲನ ಹೆಸರು ಮತ್ತೆ ಮತ್ತೆ ಕೇಳಿಬರುವ ಹೊತ್ತು ಅದು.

ಕಲ್ಲುರ್ಟಿಗೆ ಹನ್ನೆರಡು ವರ್ಷ ಕಾಯಬೇಕಿಲ್ಲ. ಬಂಟ್ವಾಳ ತಾಲೂಕಿನ ಸಜೀಪದ ಪಣೋಲಿಬೈಲಿಗೆ ಹೋದರೆ ಅಗೆಲು ಸೇವೆಯ ಜನಸಂದಣಿ ಕಾಣುತ್ತದೆ. ಕಳೆದುಹೋದ ಬಳೆ, ಮರಳದ ಸಾಲ, ಕೈಕೊಟ್ಟ ಪಾಲುದಾರ, ಮನೆಗೆ ಬಾರದ ದನ, ಎಲ್ಲದಕ್ಕೂ ಹರಕೆ ಅವಳಿಗೇ. ಕಾರು ಇಳಿದು ಬಂದವರೂ ಬಸ್ಸಿಳಿದು ನಡೆದು ಬಂದವರೂ ಒಂದೇ ಸಾಲಿನಲ್ಲಿ ನಿಂತಿರುತ್ತಾರೆ. ನಾನು ಕಳೆದ ಸಲ ಹೋದಾಗ ನನ್ನ ಮುಂದೆ ನಿಂತಿದ್ದ ಹುಡುಗ ಫೋನಿನಲ್ಲಿ ಯಾವುದೋ ನಾಣ್ಯದ ರೇಟು ನೋಡುತ್ತಿದ್ದ, ಮುಖ ಬಾಡಿತ್ತು. ಕೇಳೋಣವೆಂದುಕೊಂಡೆ, ಕೇಳಲಿಲ್ಲ. ಒಳಗೆ ಸಾಲಾಗಿ ಬಾಳೆಲೆ ಹಾಕಿ ಅನ್ನ, ಕೋಳಿ ಪದಾರ್ಥ ಬಡಿಸುತ್ತಿದ್ದರು.